ಹೆಸರಿಲ್ಲದ ಹಿರಿಯರ ಎಲೆ

ಹೊಸದಡ, ಅಘನಾಶಿನಿಯ ಅಳಿವೆ.
ದಡವರ್ಷ ೧೧೨, ಭಾದ್ರಪದ ಬಹುಳ ಚತುರ್ದಶಿ. ನಿಮ್ಮ ಲೆಕ್ಕದಲ್ಲಿ ೨೨೪೧ನೇ ಇಸವಿ. ಮಧ್ಯಾಹ್ನ, ಇಳಿತದ ಹೊತ್ತು. ನಾಳೆ ಮಹಾಲಯ ಅಮಾವಾಸ್ಯೆ. ಈ ವರ್ಷವೂ ಊರಿನ ಎಲೆ ಹಾಕುವವಳು ನಾನು.

ಪ್ರೀತಿಯ ಸುಗಂಧಿ ಅಜ್ಜಿಗೆ,

ಮೊದಲು ಕ್ಷಮೆ ಕೇಳಬೇಕು. ಕರೆಯುವ ಮಾತಿನಲ್ಲೇ ಎಡವಿದ್ದೇನೆ. ನೀವು ನನಗಿಂತ ಎಂಟು ತಲೆಮಾರು ಹಿಂದಿನವರು, ಆದ್ದರಿಂದ ಅಜ್ಜಿ. ಆದರೆ ನಾನು ಬರೆಯುತ್ತಿರುವುದು ಕುಮಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿರುವ, ಇನ್ನೂ ಮೂವತ್ತೈದು ತುಂಬದ ಸುಗಂಧಿಗೆ. ನನಗೆ ಅರವತ್ತು ದಾಟಿದೆ. ಎದುರಿಗೆ ಬಂದು ನಿಂತರೆ ನೀವೇ ನನ್ನನ್ನು ಅಮ್ಮ ಎಂದು ಕರೆದು ಕುರ್ಚಿ ಸರಿಸಿಕೊಡುತ್ತೀರಿ. ನನ್ನ ಹೆಸರು ನೇತ್ರಾಣಿ. ನಿಮ್ಮ ಕಾಲದಲ್ಲಿ ಅದು ಸಮುದ್ರದ ನಡುವಿನ ಒಂದು ದ್ವೀಪದ ಹೆಸರು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ದ್ವೀಪ, ಹೊಳೆ, ಗಿಡಗಳ ಹೆಸರಿಡುವುದು ವಾಡಿಕೆ.

ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿಸೀತು. ನಿಮ್ಮ ಕಾಲದ ಭಾಷೆಯನ್ನು ನಾನು ಪುಸ್ತಕಗಳಿಂದ ಕಲಿತೆ, ಅವುಗಳಲ್ಲೂ ಹೆಚ್ಚಿನವು ದೂರದೇಶದ ಕಾದಂಬರಿಗಳ ಅನುವಾದಗಳು, ಉಳಿದುಬಂದದ್ದು ಅವೇ. ಹಿಮ ಬೀಳುವ ಊರಿನವರು ಕನ್ನಡದಲ್ಲಿ ಹೇಗೆ ಅಳುತ್ತಾರೆಂದು ನನಗೆ ಗೊತ್ತು. ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ ನೀವು ಹೇಗೆ ಜಗಳವಾಡುತ್ತಿದ್ದಿರೆಂದು ಗೊತ್ತಿಲ್ಲ. ಅರ್ಥವಾಗದ ಮಾತು ಬಂದರೆ ಬಿಟ್ಟು ಮುಂದೆ ಹೋಗಿ. ನಮ್ಮ ಹೊಸ ಪದಗಳನ್ನು ಬಂದಬಂದಲ್ಲಿ ಬಿಡಿಸಿ ಹೇಳುತ್ತೇನೆ.

ದಡವರ್ಷ ಎಂದರೆ ಸಮುದ್ರ ಹಳೆಯ ರಸ್ತೆಯನ್ನು ದಾಟಿದ ಮೇಲೆ, ಜನ ಮೇಲಿನ ಗುಡ್ಡಕ್ಕೆ ಬಂದು ನೆಲೆಸಿದಲ್ಲಿಂದ ಎಣಿಸಿದ ವರ್ಷ. ನೀವು ಪಾಠ ಮಾಡುತ್ತಿದ್ದ ಕೋಣೆಯ ಮೇಲೆ ಈಗ ಉಬ್ಬರದಲ್ಲಿ ದೋಣಿ ಹೋಗುತ್ತದೆ. ಇದನ್ನು ದುಃಖದಿಂದ ಹೇಳುತ್ತಿಲ್ಲ. ಆ ನೀರಿನಲ್ಲೇ ನಮ್ಮ ಮಕ್ಕಳು ಈಜು ಕಲಿತರು. ನಮ್ಮ ಮನೆಗಳು ಚಿರೆಕಲ್ಲಿನವು, ಗುಡ್ಡದ ಇಳಿಜಾರಿನಲ್ಲಿ ಒಂದರ ಮಾಡು ಇನ್ನೊಂದರ ಅಂಗಳಕ್ಕೆ ತಾಗುವಂತೆ ಕಟ್ಟಿದವು. ಉಣ್ಣುವುದು ಕಗ್ಗದ ಅನ್ನ. ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಬೆಳೆಯುವ ಆ ಕೆಂಪಕ್ಕಿ ನಿಮ್ಮ ಕಾಲದಲ್ಲಿ ಕೆಲವೇ ಮನೆಗಳಲ್ಲಿ ಉಳಿದಿತ್ತಂತೆ. ಈಗ ಅದಿಲ್ಲದೆ ಊಟವಿಲ್ಲ. ಮಳೆಗಾಲಕ್ಕೆ ಮೊದಲು ಎಲ್ಲರೂ ಮಳೆಮದ್ದು ಹಾಕಿಸಿಕೊಳ್ಳುತ್ತೇವೆ. ಕೆಂಜ್ವರವೆಂಬ ಕಾಯಿಲೆಗೆ ಕೊಡುವ ಮದ್ದು ಅದು, ಪ್ರತಿ ವರ್ಷ ಹೊಸದು, ಏಕೆಂದರೆ ಜ್ವರವೂ ಪ್ರತಿ ವರ್ಷ ಹೊಸದು. ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಇದನ್ನು ಹೀಗೆ ಹೇಳಿಕೊಡುತ್ತಾರೆ: ಜ್ವರಕ್ಕೂ ಮಕ್ಕಳಾಗುತ್ತವೆ; ಮಕ್ಕಳೆಲ್ಲ ತಾಯಿಯ ಹಾಗೆಯೇ ಇರುವುದಿಲ್ಲ; ಹಳೆಯ ಮದ್ದಿಗೆ ಸಿಗದೆ ತಪ್ಪಿಸಿಕೊಂಡ ಮಕ್ಕಳಿಗಾಗಿ ಹೊಸ ಮದ್ದು.

ಇನ್ನು ಈ ಕಾಗದದ ವಿಷಯ. ಇದನ್ನು ಹಿಂದೋಲೆ ಎನ್ನುತ್ತೇವೆ. ಅಮಾವಾಸ್ಯೆಯ ಹಿಂದಿನ ದಿನ, ಎಲೆ ಹಾಕುವವರು ತಮ್ಮ ಹಿರಿಯರಲ್ಲಿ ಒಬ್ಬರನ್ನು ಆರಿಸಿ ಅವರಿಗೆ ಬರೆಯಬೇಕು. ಬಾಳೆನಾರಿನ ಕಾಗದ, ಕಾಡಿಗೆಯ ಶಾಯಿ. ಬರೆದದ್ದನ್ನು ಯಾರೂ ಓದುವಂತಿಲ್ಲ. ಉಪ್ಪುನೀರಿನ ಕೆಸರಲ್ಲೇ ಬೆಳೆಯುವ ಕಾಂಡ್ಲಾ ಗಿಡದ ಒಂದು ಸಸಿಯ ಬೇರಿಗೆ ಸುತ್ತಿ ಕೆಸರಿನಲ್ಲಿ ನೆಟ್ಟುಬಿಡುತ್ತೇವೆ. ಆದ್ದರಿಂದ ಇದು ನಿಮಗೆ ತಲುಪುವುದಿಲ್ಲವೆಂದು ಬಲ್ಲೆ. ತಲುಪದಿರುವುದೇ ಒಳ್ಳೆಯದು ಕೂಡ. ಮುಂದೆ ನಿಮ್ಮ ಅಡುಗೆಮನೆಯಲ್ಲಿ ನಡೆಯಬೇಕಾದದ್ದು ತನ್ನಷ್ಟಕ್ಕೆ ನಡೆಯಲಿ.

ನಿಮ್ಮನ್ನೇ ಆರಿಸಿದ್ದಕ್ಕೆ ಕಾರಣವಿದೆ. ನಾಳೆ ನಾನು ಹಾಕಬೇಕಾದ ಮೊದಲೆಲೆಯನ್ನು, ಅಂದರೆ ಹೆಸರಿಲ್ಲದ ಹಿರಿಯರ ಎಲೆಯನ್ನು, ಮೊದಲು ಹಾಕಿದವರು ನೀವು. ನಿಮಗೆ ಅದು ಇನ್ನೂ ಗೊತ್ತಿಲ್ಲ. ನೀವು ಈಗ ಹತ್ತನೆಯ ತರಗತಿಗೆ ಜೀವವಿಕಾಸದ ಪಾಠ ಮಾಡುವ ದಿನ ಬಂತೆಂದು ಹೆದರಿಕೊಂಡಿರಬೇಕು. ಆ ಪಾಠದ ದಿನ ತರಗತಿ ತಣ್ಣಗಾಗುತ್ತಿತ್ತು, ಮಾರನೆಯ ದಿನ ಯಾರದಾದರೂ ತಂದೆ ಬಂದು ‘ಟೀಚರ್, ನಾವು ಮಂಗನ ಮಕ್ಕಳಾ?’ ಎಂದು ನಗುತ್ತಲೇ ಕೇಳುತ್ತಿದ್ದರು ಎಂದು ನಮ್ಮ ಮನೆಯ ಕತೆ ಹೇಳುತ್ತದೆ. ನೀವು ಸಂಜೆ ಮನೆಗೆ ಬಂದು ಕೈಕಾಲು ತೊಳೆದು ದೇವರಿಗೆ ದೀಪ ಹಚ್ಚುತ್ತಿದ್ದಿರಿ. ಬೆಳಿಗ್ಗೆ ಹೇಳಿದ್ದೂ ನಿಜ, ಸಂಜೆ ಹಚ್ಚಿದ್ದೂ ನಿಜ. ಎರಡನ್ನೂ ಒಂದೇ ಜಾಗದಲ್ಲಿ ಇಡುವುದು ಹೇಗೆಂದು ಮಾತ್ರ ನಿಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನೆರಡು ವರ್ಷಕ್ಕೆ ಬರುವ ಒಂದು ಮಹಾಲಯದ ದಿನ ನೀವು ಹಿರಿಯರಿಗೆ ಎಡೆ ಇಡಲು ಬಾಳೆಲೆ ಹಾಸುತ್ತಾ ಒಂದೆಲೆ ಹೆಚ್ಚು ಹಾಸುತ್ತೀರಿ. ನಿಮ್ಮ ಅತ್ತೆ ಅನ್ನದ ಪಾತ್ರೆ ಹಿಡಿದು ಬಂದವರು ನಿಲ್ಲುತ್ತಾರೆ.

‘ಇದು ಯಾರಿಗೆ?’

‘ಎಣಿಸೂದು ತಪ್ಪಿತು, ಅತ್ತೆ.’

‘ಹಿರಿಯರ ಹೆಸರಲ್ಲಿ ಹಾಕಿದ ಎಲೆ ಬರಿದೇ ತೆಗೂಕಾಗ. ಯಾರಿಗಾದ್ರೂ ಅಂತ ಹೇಳು, ಬಡಿಸ್ತೆ.’

ಆಗ ನಿಮ್ಮ ಬಾಯಿಂದ ಬರುತ್ತದೆ: ‘ಹೆಸರು ಗೊತ್ತಿಲ್ಲದವರಿಗೆ. ಎಲ್ಲರಿಗಿಂತ ಹಿಂದಿನವರಿಗೆ.’

‘ಎಷ್ಟು ಹಿಂದೆ?’

‘ಮನುಷ್ಯರಾಗೂದಕ್ಕೂ ಹಿಂದೆ.’

ನಿಮ್ಮ ಅತ್ತೆ ಕಡುಭಕ್ತೆ. ನಿಮ್ಮ ಪುಸ್ತಕಗಳನ್ನು ದೇವರಕೋಣೆಯ ಕಡೆಗೆ ಕಾಲುಮಾಡಿ ಇಟ್ಟರೂ ಬೈಯುವವರು, ತಲೆಮಾಡಿ ಇಟ್ಟರೂ ಬೈಯುವವರು. ಅವರು ಪಾತ್ರೆ ಕೆಳಗಿಟ್ಟು ಕೇಳಿದರಂತೆ: ‘ಅವ್ರು ಉಪ್ಪು ಖಾರ ತಿಂತಿದ್ರಾ?’ ನೀವು ಇಲ್ಲವೆಂದಿರಿ. ‘ಹಂಗಾರೆ ಸಪ್ಪೆ ಬಡಿಸ್ತೆ,’ ಎಂದು ಬಾಗಿ, ಕಾಯಿಚೂರು, ಬೇಯಿಸದ ಗೆಣಸು, ಒಂದು ಬಾಳೆಹಣ್ಣು ಇಟ್ಟರು. ಉಂಡಾದ ಮೇಲೆ ಎಲೆ ಎತ್ತುವಾಗ ಹೇಳಿದರು: ‘ನಿನ್ನ ಪುಸ್ತಕದ್ದು ನಾ ನಂಬೂದಿಲ್ಲ, ಸುಗಂಧಿ. ಆದ್ರೆ ಹಸಿದವ್ರು ಯಾರಾದ್ರೂ ಅಷ್ಟು ದೂರದಿಂದ ಬಂದಿದ್ರೆ, ಬರಿ ಎಲೆ ನೋಡಿ ಹೋಗೂದು ಬ್ಯಾಡ.’

ಮರುವರ್ಷ ನೀವಿಬ್ಬರೂ ಬೇಕೆಂದೇ ಆ ಎಲೆ ಹಾಕಿದಿರಿ. ಪಕ್ಕದ ಮನೆಯವರು ಕೇಳಿದರು, ತಾವೂ ಹಾಕಿದರು. ಆಮೇಲಿನದು ಬಹಳ ನಿಧಾನ. ವಾದ ಮಾಡಿ ಯಾರೂ ಯಾರನ್ನೂ ಗೆಲ್ಲಲಿಲ್ಲ. ತಾವು ವರ್ಷವರ್ಷ ಊಟ ಹಾಕುವವರನ್ನು ಇಲ್ಲವೆನ್ನಲು ಜನರಿಗೆ ನಾಚಿಕೆಯಾಯಿತು, ಅಷ್ಟೆ. ಚರ್ಚಿನವರು ತಮ್ಮ ಸತ್ತವರ ಹಬ್ಬದಲ್ಲಿ ಹೆಸರಿಲ್ಲದವರಿಗಾಗಿ ಒಂದು ಮೇಣದಬತ್ತಿ ಹಚ್ಚತೊಡಗಿದರು. ಮಸೀದಿ ಓಣಿಯವರು ಎಡೆ ಇಡುವುದಿಲ್ಲ, ಅದು ಅವರ ಪದ್ಧತಿಯಲ್ಲ. ಆದರೆ ಆ ದಿನ ದಾರಿಗೆ ನೀರಿನ ಕೊಡ ತಂದಿಡುತ್ತಾರೆ. ದೇವರ ಕೈ ಅವಸರದ್ದಲ್ಲ, ಜೀವಗಳನ್ನು ಅದು ನಿಧಾನವಾಗಿ ಬದಲಿಸುತ್ತಾ ಮಾಡಿತು ಎಂಬ ಒಂದು ಮಾತಿಗೆ ಮೂರೂ ಕಡೆಯ ಹಿರಿಯರು ಬಂದು ನಿಂತಾಗ ನೀವು ತೀರಿಹೋಗಿ ಬಹಳ ಕಾಲವಾಗಿತ್ತು. ನಮ್ಮ ಶಾಲೆಯ ಪುಸ್ತಕದಲ್ಲಿ ನಿಮ್ಮ ಕತೆಯಿದೆ. ಅದರಲ್ಲಿ ನಿಮ್ಮ ಅತ್ತೆ ಕೊನೆಗೆ ಮನಸ್ಸು ಬದಲಿಸಿ ಸೊಸೆಯನ್ನು ಅಪ್ಪಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ತಾಯಿಯಿಂದ ಮಗಳಿಗೆ ಬಂದ ಕತೆಯಲ್ಲಿ ಅವರು ಸಾಯುವವರೆಗೂ ನಂಬಲಿಲ್ಲ. ಸಾಯುವವರೆಗೂ ತಾವೇ ಬಡಿಸಿದರು.

ಈಗ ಮೊದಲೆಲೆ ಊರಿನದು. ಅಳಿವೆಯ ಅಂಚಿನಲ್ಲಿ, ಇಳಿತ ಬಿಟ್ಟುಹೋದ ಒದ್ದೆ ನೆಲದಲ್ಲಿ ಅದನ್ನು ಹಾಕುತ್ತೇನೆ. ಎಲೆಯ ಬುಡದಲ್ಲಿ ಬೆಂದ ಅನ್ನ, ಬೆಂಕಿ ಬಲ್ಲವರಿಗೆ. ನಡುವೆ ಹಸಿ ಗೆಣಸು, ಹಣ್ಣು, ಬೆಂಕಿ ಅರಿಯದವರಿಗೆ. ತುದಿಯಲ್ಲಿ ಬರಿಯ ನೀರು, ನೀರು ಬಿಟ್ಟು ಹೊರಗೆ ಬಾರದವರಿಗೆ. ಅದರ ಹಿಂದೆ ಊರ ಸಾಲು, ಅಂದರೆ ಹೆಸರಿರುವ ಹಿರಿಯರ ಎಲೆಗಳು, ಮನೆಗೊಂದರಂತೆ. ಉಬ್ಬರ ಬಂದು ಎಲ್ಲವನ್ನೂ ಒಯ್ಯುವವರೆಗೆ ಮಕ್ಕಳು ಗದ್ದಲ ಮಾಡುತ್ತಾ ಕಾಯುತ್ತಾರೆ. ಆ ವರ್ಷ ತೀರಿದವರ ಎಲೆ ಊರ ಸಾಲಿನಲ್ಲೇ ಬೀಳಬೇಕು. ಬೀಳದಿದ್ದರೆ ಅವರು ಹಿರಿಯರ ಜೊತೆ ಸೇರುವುದಿಲ್ಲ, ಹೊಸ್ತಿಲ ಹೊರಗೇ ಉಳಿಯುತ್ತಾರೆ ಎಂಬ ನಂಬಿಕೆ. ಇದು ನಿಮ್ಮ ಕಾಲದಲ್ಲಿರಲಿಲ್ಲ. ನಾವು ಸೇರಿಸಿಕೊಂಡದ್ದು.

ಇನ್ನೂ ಒಂದನ್ನು ಸೇರಿಸಿಕೊಂಡೆವು, ನನ್ನ ಹದಿನೆಂಟನೆಯ ವಯಸ್ಸಿನಲ್ಲಿ. ಎಲೆ ಬೀಳುವ ಮೊದಲು ಪ್ರತಿ ಮನೆಯ ಹಿರಿಯರ ಮುಂದೆ ನಿಂತು ಎಲೆ ಹಾಕುವವಳು ಕೇಳಬೇಕು: ‘ಮೂಲ ಯಾವುದು?’ ಅವರು ಹೇಳಬೇಕು: ‘ನೀರು.’ ಇದು ಒಪ್ಪುಮಾತು. ಜೀವವೆಲ್ಲ ಒಂದೇ ಮೂಲದಿಂದ ಬದಲಾಗುತ್ತಾ ಬಂದದ್ದೆಂದು ಒಪ್ಪಿದ ಗುರುತು. ಹೇಳದ ಮನೆಗೆ ಊರ ಸಾಲಿನಲ್ಲಿ ಎಲೆಯಿಲ್ಲ.

ಇದನ್ನು ತಂದವರು ಕ್ರೂರಿಗಳೆಂದು ತಿಳಿಯಬೇಡಿ. ಆ ವರ್ಷ ಹೊಳೆಯಾಚೆ ಒಂದು ಗುಂಪು, ದೇವರು ಮಾಡಿದ್ದು ಯಾವುದೂ ಬದಲಾಗುವುದಿಲ್ಲ, ಜ್ವರವೂ ಬದಲಾಗುವುದಿಲ್ಲ, ಹೋದ ವರ್ಷದ ಮದ್ದೇ ಸಾಕು ಎಂದು ಸಾರಿತು. ನಮ್ಮೂರಿನ ದುಲ್ಸಿನ್ ಬಾಯಿಯ ಅಣ್ಣ ಆ ಕಡೆ ಮದುವೆಯಾಗಿ ಹೋಗಿದ್ದ (ಬಾಯಿ ಎಂದರೆ ಅವರ ಮನೆಮಾತಿನಲ್ಲಿ ಅಕ್ಕ, ತಂಗಿ). ಆ ಮಳೆಗಾಲ ಅವನೂ ಅವನ ಮಕ್ಕಳೂ ಕೆಂಜ್ವರದಲ್ಲಿ ಹೋದರು. ಮಕ್ಕಳ ಹೆಣಗಳನ್ನು ಈಚೆ ತಂದ ದೋಣಿಗೆ ಹುಟ್ಟು ಹಾಕಿದವಳು ದುಲ್ಸಿನ್. ಈಗ ಅವರು ನಮ್ಮ ಸಭೆಯ ಮುಖ್ಯಸ್ಥೆ. ನನಗಿಂತ ಹತ್ತು ವರ್ಷ ದೊಡ್ಡವರು, ಊರಿನ ಪ್ರತಿ ಮಗುವಿನ ತೋಳನ್ನೂ ಹಿಡಿದು ಮದ್ದು ಚುಚ್ಚಿಸಿದವರು. ಒಪ್ಪುಮಾತು ಅವರ ದುಃಖದಿಂದ ಹುಟ್ಟಿತು. ನಾನೂ ಅಂದು ಅದರ ಪರ ಕೈಯೆತ್ತಿದ್ದೆ. ಬೇರೇನು ಮಾಡಬಹುದೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಈಗ ನನ್ನ ಅತ್ತೆಯ ಮಾತು. ಮಾಸ್ತಮ್ಮ, ನನ್ನ ಅಪ್ಪನ ತಂಗಿ, ಎಂಬತ್ತು ಸಮೀಪಿಸಿದವಳು. ಅವಳ ಮನೆಯಲ್ಲಿ ಸಮುದ್ರದಿಂದ ಬಂದ ದೇವಿಯ ಒಂದು ಕಲ್ಲಿದೆ. ಆ ದೇವಿ ತನ್ನ ಅಂಗೈಯಲ್ಲಿ ಮಣ್ಣು ಮೆತ್ತಿ ಮಾಡಿದ ಕುಲ ತಮ್ಮದು ಎಂದು ಅವಳು ನಂಬುತ್ತಾಳೆ. ಅಂಗೈಯೆಂದರೆ ಅಂಗೈ, ಮಣ್ಣೆಂದರೆ ಮಣ್ಣು. ಅದಕ್ಕೆ ಒಳ ಅರ್ಥ ಹುಡುಕಿಕೊಡಲು ಹೋದವರನ್ನು ಅವಳು ಚಹಾ ಕುಡಿಸಿ ಕಳಿಸುತ್ತಾಳೆ. ಅವಳ ಒಬ್ಬಳೇ ಮಗಳು ಕಾಂಡ್ಲಾ. ಹೌದು, ಆ ಗಿಡದ ಹೆಸರೇ. ಆ ಗಿಡ ನೆಡುವುದೇ ಅವಳ ಕೆಲಸವೂ ಆಗಿತ್ತು. ಅಳಿವೆಯ ಕೆಸರು, ಅದರಲ್ಲಿರುವ ಹುಳ, ಏಡಿ, ಮೀನು ಎಲ್ಲದರ ಲೆಕ್ಕ ಇಡುವವಳು, ಶಾಲೆಯ ಮಕ್ಕಳನ್ನು ಕೆಸರಿಗಿಳಿಸಿ ಪಾಠ ಮಾಡುವವಳು.

ಕೆಸರಿನಲ್ಲಿ ರೆಕ್ಕೆಯೂರಿ ತೆವಳುತ್ತಾ ಜಿಗಿಯುವ ಪುಟ್ಟ ಮೀನು ನಿಮಗೂ ಗೊತ್ತಿರಬೇಕು. ನಮ್ಮ ಜನ ಅದನ್ನು ಕಂಡರೆ ಕೈಮುಗಿಯುತ್ತಾರೆ, ‘ಅಜ್ಜ ಬಂದ’ ಎನ್ನುತ್ತಾರೆ. ನೀರಿನಿಂದ ನಡೆದು ಬಂದ ಹಿರಿಯ ಇವನೇ ಎಂದುಕೊಂಡಿದ್ದಾರೆ. ಕಾಂಡ್ಲಾಗೆ ಇದನ್ನು ಕಂಡರೆ ಮೈಯುರಿ. ‘ಅಜ್ಜ ಅಲ್ಲ ಮಾರಾಯ್ರೆ, ದಾಯಾದಿ! ನಮ್ಮ ಹಾಗೇ ಈಗಿನ ಕಾಲದವ. ಅಜ್ಜ ಯಾವಾಗಲೋ ತೀರಿಹೋದ!’ ಎಂದು ಸೊಂಟದವರೆಗಿನ ಕೆಸರಿನಿಂದಲೇ ಕೂಗುತ್ತಿದ್ದಳು. ‘ಆಯ್ತು, ದಾಯಾದಿಗೂ ಒಂದು ನಮಸ್ಕಾರ ಇರ್ಲಿ, ಜಾಗದ ತಕರಾರು ಬ್ಯಾಡ,’ ಎಂದು ಜನ ನಕ್ಕು ಮತ್ತೆ ಕೈಮುಗಿಯುತ್ತಿದ್ದರು. ಹೀಗೆ ಕೈಮುಗಿದವರೆಲ್ಲ ನನ್ನ ಮುಂದೆ ನಿಂತು ‘ನೀರು’ ಎಂದು ಗಟ್ಟಿಯಾಗಿ ಹೇಳಿದವರೇ.

ತಾಯಿ ಮಗಳ ಜಗಳ ಊರಿಗೆಲ್ಲ ತಮಾಷೆ. ಬೆಳಿಗ್ಗೆ ಮಗಳು ಬುತ್ತಿ ಹಿಡಿದು ಹೊರಟರೆ ಅತ್ತೆ ಜಗಲಿಯಿಂದ, ‘ಹೋಗು ಹೋಗು, ನಿನ್ನ ಅಜ್ಜಂದಿರು ಕೆಸರಲ್ಲಿ ಕಾಯ್ತಾ ಕೂತಿದ್ರು,’ ಎನ್ನುತ್ತಿದ್ದಳು.

‘ನಿನ್ನ ಕಡೆಯವರೂ ಅಲ್ಲೇ ಇರೂದು, ಆಯಿ. ಎಂತಾದ್ರೂ ಹೇಳಿ ಕಳಿಸ್ತ್ಯಾ?’

‘ಮಿಂದು ಬರೂಕೆ ಹೇಳು. ಆಮೇಲೆ ನೆಂಟಸ್ತನ ಮಾತಾಡ್ವ.’

ಒಂದೇ ಮನೆಯಲ್ಲಿ, ಒಂದೇ ಅನ್ನ ಉಂಡು, ಇಬ್ಬರೂ ತಮ್ಮ ಮಾತು ಬಿಡದೆ ಬದುಕಿದರು. ಮಳೆಮದ್ದಿನ ದಿನ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವವಳೂ ಮಾಸ್ತತ್ತೆಯೇ. ‘ದೇವಿ ವರ್ಷವರ್ಷ ಹೊಸ ಜ್ವರ ಮಾಡ್ತು, ಹೊಸ ಮದ್ದೂ ಮಾಡಿಸ್ತು. ನಂಗೆಂತ ತಕರಾರು?’ ಎನ್ನುತ್ತಾಳೆ. ಮನೆಯ ಹಿರಿಯಳು ಅವಳೇ ಆದರೂ, ನಾಳೆಯಂಥ ದಿನಗಳಲ್ಲಿ ಅಳಿವೆಗೆ ಬಂದು ಒಪ್ಪುಮಾತು ಹೇಳುತ್ತಿದ್ದವಳು ಕಾಂಡ್ಲಾ. ಕಾಲುನೋವೆಂದು ಅತ್ತೆ ಮನೆಯಲ್ಲೇ ಉಳಿಯುತ್ತಿದ್ದಳು. ಕಾಲುನೋವಿನ ವಿಷಯ ನಮಗೆಲ್ಲ ಗೊತ್ತಿತ್ತು, ಯಾರೂ ಕೇಳಲಿಲ್ಲ.

ಈ ಆಷಾಢದಲ್ಲಿ ಸಸಿ ತುಂಬಿದ ದೋಣಿ ಮಗುಚಿ ಕಾಂಡ್ಲಾ ಹೋದಳು. ಅವಳೇ ನೆಟ್ಟ ಗಿಡಗಳ ಬೇರುಗಳು ಅವಳನ್ನು ಹಿಡಿದಿಟ್ಟುಕೊಂಡಿದ್ದವು. ಇಲ್ಲದಿದ್ದರೆ ಸಮುದ್ರಕ್ಕೆ ಹೋಗಿಬಿಡುತ್ತಿದ್ದಳು. ಅವಳಿಗೆ ನಲವತ್ತಾರು.

ನಾಳೆ ಅವಳ ಮೊದಲ ಎಲೆ. ಅದು ಊರ ಸಾಲಿನಲ್ಲಿ ಬೀಳಬೇಕಾದರೆ ಮಾಸ್ತತ್ತೆ ಅಳಿವೆಗೆ ಬಂದು ‘ನೀರು’ ಎನ್ನಬೇಕು.

ಹೋದ ವಾರ ಅವಳ ಮನೆಗೆ ಹೋದೆ. ಅವಳು ಜಗಲಿಯಲ್ಲಿ ಕೂತು ಹುರಿ ಹೊಸೆಯುತ್ತಿದ್ದಳು. ನಾನು ಏನೂ ಕೇಳುವ ಮೊದಲೇ, ‘ಬಂದ್ಯಾ? ನೀ ಬರೂದು ಗೊತ್ತಿತ್ತು. ಕೂತ್ಕೋ, ಚಹಾ ಮಾಡ್ತೆ,’ ಎಂದಳು. ಚಹಾ ಎಂದೊಡನೆ ನನಗೆ ಅರ್ಥವಾಯಿತು.

‘ಅತ್ತೆ, ಒಂದು ಮಾತು ಅಷ್ಟೆ. ನೀನು ನಂಬೂದು ಬ್ಯಾಡ. ಹೇಳಿದ್ರೆ ಸಾಕು.’

‘ನಂಬದೆ ಹೇಳೂದಕ್ಕೆ ಎಂತ ಹೇಳ್ತ್ರು, ನೇತ್ರಾ?’

ನಾನು ಹುರಿಯ ಇನ್ನೊಂದು ತುದಿ ಹಿಡಿದುಕೊಂಡೆ. ಅವಳು ಹುರಿಯ ಎಳೆಯನ್ನು ತೊಡೆಯ ಮೇಲೆ ಉಜ್ಜುತ್ತಾ, ನನ್ನ ಕಡೆ ನೋಡದೆ ಹೇಳಿದಳು. ‘ಮೂವತ್ತು ವರ್ಷ ಅವ್ಳು ನಂಗೆ ಬಿಡಿಸಿ ಬಿಡಿಸಿ ಹೇಳ್ತು. ಒಂದು ದಿನ ಹೌದು ಅಂತ ಹೇಳ್ಲಿಲ್ಲ ನಾನು. ಹೇಳಿದ್ರೆ ಎಷ್ಟು ಖುಷಿಯಾಗ್ತಿತ್ತು ಅವ್ಳಿಗೆ! ಇದ್ದಾಗ ಅವ್ಳಿಗೇ ಕೊಡದೆ ಇದ್ದದ್ದನ್ನ ಈಗ ಹೋಗಿ ಊರವ್ರಿಗೆ ಕೊಡ್ಲಾ? ಸುಳ್ಳು ಬಡಿಸಿದ ಎಲೆಗೆ ನನ್ನ ಮಗಳು ಕೂತ್ಕಳೂದಿಲ್ಲ.’ ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು, ‘ಹೇಳಿದ್ರೆ ನಗಾಡ್ತು ಅವ್ಳು. ಆಯಿ ಸೋತ್ಲು ಅಂತಲ್ಲ. ಆಯಿಗೆ ಸುಳ್ಳು ಹೇಳೂಕೆ ಬತ್ತಿಲ್ಲೆ ಅಂತ,’ ಎಂದಳು.

ದುಲ್ಸಿನ್ ಬಾಯಿಯ ಬಳಿಗೂ ಹೋದೆ. ಅವರು ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡರು. ಕಾಂಡ್ಲಾಳ ಹೆಸರೆತ್ತಿದರೆ ಅವರ ಕಣ್ಣು ಈಗಲೂ ತುಂಬುತ್ತದೆ; ಅವಳಿಗೆ ಮೊದಲ ಮದ್ದು ಚುಚ್ಚಿಸುವಾಗ ತೋಳು ಹಿಡಿದವರೂ ಅವರೇ. ‘ಮಾಸ್ತಕ್ಕ ಬಾಯಿಬಿಟ್ಟು ಹೇಳೂದೂ ಬೇಡ, ನೇತ್ರಾ. ನೀನು ಕೇಳು, ಅವ್ಳು ತಲೆ ಆಡಿಸ್ಲಿ. ನಾನು ಬೇರೆ ಕಡೆ ನೋಡ್ತೇನೆ,’ ಎಂದರು. ನಾನು ಹೇಳಿದೆ, ಅವಳು ತಲೆಯನ್ನೂ ಆಡಿಸುವುದಿಲ್ಲ. ಅವರು ನನ್ನ ಕೈ ಬಿಟ್ಟರು. ‘ಇವತ್ತು ಒಬ್ಬಳಿಗೆ ಬಿಟ್ಟರೆ, ನಾಳೆ ಮತ್ತೊಬ್ಬ ಎದ್ದು ನಿಲ್ತಾನೆ. ಅವನ ಮಗುವಿಗೆ ಮದ್ದು ಬೇಡ ಅಂತಾನೆ. ಆ ದೋಣಿಗೆ ನೀನು ಹುಟ್ಟು ಹಾಕ್ತೀಯಾ? ನನ್ನ ಕೈಯಲ್ಲಿ ಇನ್ನು ಆಗೂದಿಲ್ಲ, ಬಾಯಿ.’

ಅಂದಿನಿಂದ ಇಂದಿನವರೆಗೆ ಆ ಮಾತಿಗೆ ಉತ್ತರ ಹುಡುಕಿದೆ. ಮಾಸ್ತತ್ತೆ ಮಳೆಮದ್ದಿನ ಸಾಲಿನಲ್ಲಿ ಮೊದಲು ನಿಲ್ಲುತ್ತಾಳೆಂದು ಹೇಳಬಹುದಿತ್ತು. ಆದರೆ ನನಗೆ ತೋಚಿದ್ದು ಅದಲ್ಲ. ಹೋದ ವರ್ಷ ಗಟ್ಟಿಯಾಗಿ ‘ನೀರು’ ಎಂದವನೊಬ್ಬ ಈ ಮಳೆಗಾಲ ಮದ್ದಿಗೆ ಬರಲೇ ಇಲ್ಲ; ಒಪ್ಪುಮಾತು ಹೇಳಿದ ಮೇಲೆ ಜ್ವರ ಮುಟ್ಟುವುದಿಲ್ಲವೆಂದು ಅವನ ನಂಬಿಕೆ. ಅವನ ಬಾಗಿಲಿಗೆ ಹೋಗಿ, ಜಗಳವಾಡಿ, ಮಕ್ಕಳನ್ನು ಕರೆತಂದವಳು ಕಾಂಡ್ಲಾ. ತೀರಿಹೋಗುವ ಹಿಂದಿನ ವಾರ. ನಾವು ಒಂದು ತಿಳಿವಳಿಕೆಯನ್ನು ಮಂತ್ರ ಮಾಡಿಕೊಂಡಿದ್ದೇವೆ, ಅಜ್ಜಿ. ಹೇಳಿದವರನ್ನೆಲ್ಲ ತಿಳಿದವರೆಂದು ಲೆಕ್ಕ ಹಿಡಿದು ನೆಮ್ಮದಿಯಾಗಿ ಕೂತಿದ್ದೇವೆ. ದುಲ್ಸಿನ್ ಬಾಯಿಯ ಅಣ್ಣನ ಮಕ್ಕಳನ್ನು ಉಳಿಸಬಹುದಾಗಿದ್ದದ್ದು ಮನೆ ಬಾಗಿಲಿಗೆ ಹೋಗಿ ಕೂತು ಮಾತಾಡುವ ಒಬ್ಬಳು. ಅಳಿವೆಯಲ್ಲಿ ನಿಂತು ಕೇಳುವ ಪ್ರಶ್ನೆ ಅಲ್ಲ.

ಹಾಗಾಗಿ ತಲುಪದ ಕಾಗದದಲ್ಲಿ ಒಂದು ಕೋರಿಕೆ. ನೀವು ಆ ಪಾಠವನ್ನು ಬಿಡಬೇಡಿ. ಅರ್ಧ ಮಾಡಬೇಡಿ, ಓದಿಕೊಂಡು ಬನ್ನಿ ಎಂದು ಹೇಳಿ ಜಾರಿಕೊಳ್ಳಬೇಡಿ. ಪೂರ್ತಿ ಮಾಡಿ, ಮೂಳೆಯ ಚಿತ್ರ ಬರೆದು, ಕೆಸರಿಗೆ ಕರೆದೊಯ್ದು, ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಟ್ಟು ಮಾಡಿ. ತಿಳಿಯಿತೇ ಎಂದು ಪ್ರತಿ ಮಗುವನ್ನೂ ಕೇಳಿ, ತಿಳಿಯದಿದ್ದರೆ ಇನ್ನೊಮ್ಮೆ ಹೇಳಿ. ಒಪ್ಪಿದೆಯಾ ಎಂದು ಮಾತ್ರ ಯಾವ ಮಗುವನ್ನೂ ಎದ್ದು ನಿಲ್ಲಿಸಿ ಕೇಳಬೇಡಿ. ಅದು ಅವರು ತಮ್ಮ ಮನೆಯಲ್ಲಿ, ತಮ್ಮ ಆಯಿಯ ಎದುರು, ಬುತ್ತಿ ಕಟ್ಟಿಕೊಳ್ಳುವ ಹೊತ್ತಿನಲ್ಲಿ ಬಗೆಹರಿಸಿಕೊಳ್ಳಬೇಕಾದ ವಿಷಯ. ಬಗೆಹರಿಯದೆಯೂ ಇದ್ದೀತು. ಬಗೆಹರಿಯದೆ ಒಂದೇ ಮನೆಯಲ್ಲಿ ನಗುತ್ತಾ ಬದುಕಿದವರನ್ನು ನಾನು ಕಂಡಿದ್ದೇನೆ.

ನಾನು ನಿಶ್ಚಯಿಸಿದ್ದೇನೆ. ನಾಳೆ ಒಪ್ಪುಮಾತು ಕೇಳುವುದಿಲ್ಲ. ಮಾಸ್ತತ್ತೆಯನ್ನು ಮಾತ್ರ ಬಿಟ್ಟರೆ ಅದು ನೆಂಟಸ್ತನವಾಗುತ್ತದೆ, ಅವಳಿಗೂ ಅವಮಾನ. ಆದ್ದರಿಂದ ಯಾರನ್ನೂ ಕೇಳುವುದಿಲ್ಲ. ಮೊದಲೆಲೆ ಹಾಕಿ, ನಂತರ ಮನೆಮನೆಯ ಎಲೆಯನ್ನು ಸಾಲಾಗಿ ಹಾಕುತ್ತಾ ಹೋಗುತ್ತೇನೆ, ಕಾಂಡ್ಲಾಳದ್ದನ್ನೂ ಹಾಕುತ್ತೇನೆ. ಸಭೆ ನನ್ನಿಂದ ಈ ಕೆಲಸ ತೆಗೆದುಕೊಳ್ಳಬಹುದು, ತೆಗೆದುಕೊಳ್ಳಲಿ. ಮಳೆಮದ್ದಿನ ತಿಂಗಳಲ್ಲಿ ಕಾಂಡ್ಲಾ ಸುತ್ತುತ್ತಿದ್ದ ಮನೆಗಳನ್ನು ಇನ್ನು ಮೇಲೆ ನಾನು ಸುತ್ತುತ್ತೇನೆ. ನನಗೆ ಅವಳಷ್ಟು ತಿಳಿಯದು. ಕಲಿಯಬೇಕು.

ಕದ್ದು ಮಾಡುವ ಕೆಲಸವಲ್ಲ ಇದು. ಅಳಿವೆಯಲ್ಲಿ ಎಲ್ಲರ ಎದುರು ಗೊತ್ತಾದರೆ ದುಲ್ಸಿನ್ ಬಾಯಿಗೆ ನೋವಾಗುತ್ತದೆ. ಮೊದಲು ಅವರ ಮನೆಗೆ ಹೋಗಿ ಮುಖ ನೋಡಿ ಹೇಳುತ್ತೇನೆ. ಬೈಯಬಹುದು, ಅಳಬಹುದು, ಎರಡಕ್ಕೂ ಕೂತಿರುತ್ತೇನೆ. ಅಲ್ಲಿಂದ ಅತ್ತೆಯ ಮನೆಗೆ, ಮಗಳಿಗೆ ಏನೇನು ಬೇಯಿಸಬೇಕೋ ಬೇಯಿಸು ಎನ್ನಲು. ಬಿಸಿಲು ಇನ್ನೂ ಅಂಗಳದಲ್ಲಿದೆ. ದುಲ್ಸಿನ್ ಬಾಯಿ ಊಟ ಮಾಡಿ ಸ್ವಲ್ಪ ಒರಗುವ ಹೊತ್ತು ಇದು. ಏಳಲಿ ಎಂದು ಕಾಯುತ್ತಿದ್ದೇನೆ.

ನಿಮ್ಮ
ನೇತ್ರಾಣಿ